ಮೂರು ನಾಲ್ಕು ಮೂರು ನಾಲ್ಕು

ಅಮೆರಿಕನ್ ಮಾಜಾಂಗ್ ಆಡುವ ಪ್ರತಿಯೊಬ್ಬರ ಮುಂದೆಯೂ ಮಡಚುವ ಒಂದು ಕಾರ್ಡ್ ಇರುತ್ತದೆ. ಅದರಲ್ಲಿ ಸುಮಾರು 50 ಸಾಲು, ಒಂದೊಂದು ಸಾಲಿನಲ್ಲೂ 14 ಗುರುತು. ನಿಮ್ಮ ಕೈಯಲ್ಲಿರುವ 14 ಕಾಯಿಗಳು ಅವುಗಳಲ್ಲಿ ಯಾವುದಾದರೂ ಒಂದು ಸಾಲಿಗೆ ಚಾಚೂ ತಪ್ಪದೆ ಹೊಂದಿದರೆ ಗೆದ್ದಿರಿ. ಹೊಂದದಿದ್ದರೆ, ಜೋಡಣೆ ಎಷ್ಟೇ ಅಂದವಾಗಿರಲಿ, ಅದಕ್ಕೆ ಮೂರು ಕಾಸಿನ ಬೆಲೆ ಇಲ್ಲ. ಏಪ್ರಿಲ್ ಹೊತ್ತಿಗೆ ಹೊಸ ಕಾರ್ಡು ಬರುತ್ತದೆ. ಹಳೆಯದರಲ್ಲಿ ಬಾಯಿಪಾಠವಾಗಿದ್ದೆಲ್ಲ ಅಂದಿಗೆ ರದ್ದು.

ಈ ಕಾರ್ಡು ಟೀಚರ್ ಕಣ್ಣಿಗೆ ಮೊದಲು ಬಿದ್ದದ್ದು ನ್ಯೂಜೆರ್ಸಿಯ ಒಂದು ಊರಿನ ಗ್ರಂಥಾಲಯದಲ್ಲಿ. ಟೀಚರ್ ಎಂದರೆ ಮುಂಬಯಿಯ ಒಂದು ಕನ್ನಡ ರಾತ್ರಿಶಾಲೆಯಲ್ಲಿ 29 ವರ್ಷ ಕನ್ನಡ ಕಲಿಸಿದವರು. ಹಗಲೆಲ್ಲ ಹೋಟೆಲಿನಲ್ಲಿ ತಟ್ಟೆ ಎತ್ತಿ, ಸಂಜೆ ತೂಕಡಿಸುತ್ತ ಬರುವ ಹುಡುಗರಿಗೆ ಲಘು ಗುರು ಹಾಕಿಸಿದವರು. ನಿವೃತ್ತಿಯಾಗಿ ಬಹಳ ವರ್ಷವಾದರೂ ಡೊಂಬಿವಿಲಿಯ ಅವರ ಕಟ್ಟಡದಲ್ಲಿ ಇವತ್ತಿಗೂ ಎಲ್ಲರ ಬಾಯಲ್ಲಿ ಟೀಚರೇ. ಯಜಮಾನರು ತೀರಿಕೊಂಡ ಮೇಲೆ ಮಗಳು, 'ಅಮ್ಮ, ಚಳಿಗಾಲ ಇಲ್ಲೇ ಕಳಿ, ಆಮೇಲೆ ನೋಡೋಣ' ಎಂದು ಕರೆಸಿಕೊಂಡಿದ್ದಳು. 'ಆಮೇಲೆ ನೋಡೋಣ' ಎಂಬುದರಲ್ಲಿ ಗ್ರೀನ್ ಕಾರ್ಡಿನ ಮಾತು ಅಡಗಿತ್ತು. ಟೀಚರ್ ಅದನ್ನು ಕೇಳಿಸಿಕೊಂಡೂ ಕೇಳಿಸದವರಂತೆ ಇದ್ದರು.

ಬೆಳಿಗ್ಗೆ ಎಂಟಕ್ಕೆ ಮನೆ ಖಾಲಿ. ಮಗಳು, ಅಳಿಯ ಆಫೀಸಿಗೆ, ಮೊಮ್ಮಗಳು ಶಾಲೆಗೆ. ಅಲ್ಲಿಂದ ನಾಲ್ಕು ಗಂಟೆಯವರೆಗೆ ಕಿಟಕಿಯಾಚೆ ಒಂದು ನರಪಿಳ್ಳೆ ಇಲ್ಲ. ಹತ್ತು ನಿಮಿಷ ನಡೆದರೆ ಗ್ರಂಥಾಲಯ. ಅಲ್ಲಿ ಕನ್ನಡ ಪುಸ್ತಕವಿಲ್ಲ, ಆದರೆ ಹೀಟರಿದೆ, ಮನುಷ್ಯರಿದ್ದಾರೆ. ಒಂದು ಬುಧವಾರ ಮಧ್ಯಾಹ್ನ ಒಳಕೋಣೆಯಿಂದ ಕಟಕಟ ಸದ್ದು ಕೇಳಿ ಬಾಗಿಲಲ್ಲಿ ನಿಂತರು. ಒಂದು ಮೇಜಿನಲ್ಲಿ ಮೂವರೇ ಕೂತಿದ್ದರು. ಮೂವರು ಆಡಬಾರದೆಂದೇನಿಲ್ಲ, ಆದರೆ ಆಟದ ಮೊದಲು ಕಾಯಿ ಅದಲುಬದಲು ಮಾಡುವ ಚಾರ್ಲ್ಸ್‌ಟನ್ ತಪ್ಪಿಹೋಗುತ್ತದೆ, ಅರ್ಧ ರುಚಿ ಅದರಲ್ಲೇ ಇರುವುದು. ಅವರಲ್ಲಿ ಹಿರಿಯರು ಖಾಲಿ ಕುರ್ಚಿಯನ್ನು ತೋರಿಸಿದರು. ಟೀಚರ್ ಕೂತರು.

ರಮ್ಮಿ ಬಲ್ಲವರಿಗೆ ಇದು ಸುಲಭ ಎಂದು ಯಾರಾದರೂ ಹೇಳಿದರೆ ನಂಬಬಾರದು. ಹೊರಗಿನಿಂದ ನೋಡಿದರೆ ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ ನಿಜ. ಕೈಯಲ್ಲಿ 13, ಒಂದು ಎತ್ತು, ಒಂದು ಬಿಡು, ಹದಿನಾಲ್ಕನೆಯದರಲ್ಲಿ ಮುಗಿಸು. ಜೋಕರ್ ಕೂಡ ಇದೆ. ಒಟ್ಟು 152 ಕಾಯಿ: ಬ್ಯಾಮ್, ಕ್ರ್ಯಾಕ್, ಡಾಟ್ ಎಂಬ ಮೂರು ಸೂಟುಗಳಲ್ಲಿ ಒಂದರಿಂದ ಒಂಬತ್ತರವರೆಗೆ, ಪ್ರತಿ ಅಂಕಿಯದೂ ನಾಲ್ಕು ನಾಲ್ಕು. ನಾಲ್ಕು ದಿಕ್ಕಿನ ಗಾಳಿಗಳು, ಮೂರು ಬಣ್ಣದ ಡ್ರ್ಯಾಗನ್‌ಗಳು, ಇವೂ ನಾಲ್ಕು ನಾಲ್ಕು. ಮೇಲೆ 8 ಹೂವು, 8 ಜೋಕರ್. ಒಂದನೇ ಬ್ಯಾಮಿನ ಮೇಲೆ ಬಿದಿರಿನ ಬದಲು ಹಕ್ಕಿಯ ಚಿತ್ರವಿರುವುದರಿಂದ ಹೊಸಬರು ಅದನ್ನು ಹೂವಿನ ಜೊತೆ ಸೇರಿಸಿಬಿಡುತ್ತಾರೆ. ಬಿಳಿ ಡ್ರ್ಯಾಗನ್‌ಗೆ ಅವರು 'ಸೋಪ್' ಎನ್ನುತ್ತಾರೆ. ಸೋಪಿನ ಬಿಲ್ಲೆಯ ಹಾಗೆಯೇ ಇದೆ ಅದು. ಕಾರ್ಡಿನಲ್ಲಿ ಆ ವರ್ಷದ ಅಂಕಿಗಳನ್ನೇ ಆಟವಾಗಿ ಕೊಡುವ ಭಾಗವೊಂದಿರುತ್ತದೆ. 2024 ಎಂದರೆ 2, 0, 2, 4. ಸೊನ್ನೆ ಎಂಬ ಕಾಯಿ ಇಲ್ಲವಲ್ಲ, ಅದರ ಜಾಗಕ್ಕೆ ಸೋಪನ್ನು ಇಡುವುದು.

ರಮ್ಮಿಯ ಕಣ್ಣಿಗೆ ಮೊದಲು ಕಾಣುವುದು ಸೀಕ್ವೆನ್ಸ್. ಮೂರು, ನಾಲ್ಕು, ಐದು ಒಂದೇ ಸೂಟಿನಲ್ಲಿ ಬಿದ್ದರೆ ಕೈ ತಾನಾಗಿ ಅವನ್ನು ಒಟ್ಟಿಗೆ ಸರಿಸುತ್ತದೆ, ಮನಸ್ಸು ನಿಟ್ಟುಸಿರು ಬಿಡುತ್ತದೆ. ಮೊದಲ ಬುಧವಾರ ಟೀಚರ್ ಅಂಥ ಎರಡು ಗುಂಪು ಮಾಡಿಕೊಂಡು, ಮೇಲೆ ಒಂದು ಜೋಕರನ್ನೂ ಇಟ್ಟುಕೊಂಡು ಹಿಗ್ಗಿದರು. ಪಕ್ಕದಲ್ಲಿದ್ದ ಹಿರಿಯರು ಬಗ್ಗಿ ನೋಡಿ, 'ಇದು ಏನೂ ಅಲ್ಲ' ಎಂದರು. ಅಲ್ಲಿ ಗುಂಪೆಂದರೆ ಒಂದೇ ಥರದ ಕಾಯಿಗಳ ಗುಂಪು. ಮೂರಾದರೆ ಪಂಗ್, ನಾಲ್ಕಾದರೆ ಕಾಂಗ್, ಐದಾದರೆ ಕ್ವಿಂಟ್. ಪ್ರತಿ ಕಾಯಿ ನಾಲ್ಕೇ ಇರುವುದರಿಂದ ಐದನೆಯದಕ್ಕೆ ಜೋಕರಿಲ್ಲದೆ ಗತಿಯಿಲ್ಲ. ಆ ಜೋಕರಿಗೂ ಮೂಗುದಾರವಿದೆ: ಮೂರು ಮತ್ತು ಮೂರಕ್ಕಿಂತ ದೊಡ್ಡ ಗುಂಪಿನಲ್ಲಿ ಮಾತ್ರ ಅದು ಕೂರಬಹುದು. ಒಂಟಿ ಕಾಯಿಯ ಜಾಗಕ್ಕೆ ಇಲ್ಲ, ಜೋಡಿಗೆ ಇಲ್ಲ. ಆದ್ದರಿಂದ ಈ ಆಟದಲ್ಲಿ ನಾಲ್ಕು ಕೂಡಿಸುವುದಕ್ಕಿಂತ ಎರಡು ಕೂಡಿಸುವುದು ಕಷ್ಟ. ಬೇರೆಯವರು ಬಿಟ್ಟ ಕಾಯಿಯನ್ನು ಜೋಡಿಗೆಂದು ಎತ್ತಿಕೊಳ್ಳಬೇಕಾದರೂ ಅದರಿಂದ ಆಟವೇ ಮುಗಿಯುವಂತಿರಬೇಕು. ಹೀಗಾಗಿ ಪಳಗಿದವರು ಜೋಡಿ ಸಿಕ್ಕರೆ ಮಗುವಿನ ಹಾಗೆ ಕಾಪಾಡುತ್ತಾರೆ, ಚಾರ್ಲ್ಸ್‌ಟನ್‌ನಲ್ಲಿ ದಾಟಿಸುವುದಿಲ್ಲ.

ಇನ್ನು ಕಾರ್ಡು. ಅದನ್ನು ಓದುವುದೇ ಒಂದು ಪಾಠ. ಸಾಲುಗಳು ವರ್ಗವರ್ಗವಾಗಿ ಇರುತ್ತವೆ: ವರ್ಷದ ಅಂಕಿ, ಸರಿಸಂಖ್ಯೆ, ಬೆಸಸಂಖ್ಯೆ, ಸಾಲು ಅಂಕಿ, ಮೂರಾರೊಂಬತ್ತು, ಗಾಳಿ ಮತ್ತು ಡ್ರ್ಯಾಗನ್, ಕೊನೆಗೆ ಬರೀ ಒಂಟಿ ಮತ್ತು ಜೋಡಿಗಳ ವರ್ಗ. ಕೊನೆಯದರಲ್ಲಿ ಜೋಕರ್ ನಡೆಯುವುದೇ ಇಲ್ಲವಾದ್ದರಿಂದ ಅಂಕವೂ ಹೆಚ್ಚು. ಸಾಲಿನ ಕೊನೆಗೆ ಎಕ್ಸ್ ಎಂದಿದ್ದರೆ ಗುಂಪುಗಳನ್ನು ತೆರೆದಿಟ್ಟು ಆಡಬಹುದು, ಸಿ ಎಂದಿದ್ದರೆ ಕೊನೆಯ ಕಾಯಿಯವರೆಗೆ ಮುಚ್ಚಿಯೇ ಇರಬೇಕು. ಇಷ್ಟು ಯಾರಿಗಾದರೂ ಅರ್ಧ ಗಂಟೆಯಲ್ಲಿ ತಿಳಿಯುತ್ತದೆ. ತಲೆ ಕೆಡಿಸುವುದು ಬಣ್ಣ. ಕಾರ್ಡಿನಲ್ಲಿ ನೀಲಿ, ಕೆಂಪು, ಹಸಿರು ಅಕ್ಷರಗಳಿವೆ. ಹಸಿರೆಂದರೆ ಬಿದಿರಿನ ಬ್ಯಾಮ್ ಇರಬೇಕು, ಕೆಂಪೆಂದರೆ ಕ್ರ್ಯಾಕ್ ಇರಬೇಕು ಎಂದು ಯಾರಾದರೂ ಅಂದುಕೊಳ್ಳುತ್ತಾರೆ. ಹಾಗಲ್ಲ. ಒಂದು ಸಾಲಿನಲ್ಲಿ ಎರಡು ಬಣ್ಣ ಇದ್ದರೆ ಯಾವುದಾದರೂ ಎರಡು ಸೂಟು ಎಂದಷ್ಟೇ ಅರ್ಥ. ಮೂರು ಬಣ್ಣವಿದ್ದರೆ ಮೂರು ಸೂಟು. ಬಣ್ಣಕ್ಕೆ ತನ್ನದೇ ಅರ್ಥವಿಲ್ಲ, ಪಕ್ಕದ ಬಣ್ಣಕ್ಕಿಂತ ಅದು ಬೇರೆ ಎಂಬುದಷ್ಟೇ ಅದರ ಅರ್ಥ.

ಅಂದು ರಾತ್ರಿ ಅಡುಗೆಮನೆಯ ಮೇಜಿನ ಮೇಲೆ ಕಾರ್ಡು ಹರಡಿಕೊಂಡು ಕೂತಿದ್ದಾಗ ಟೀಚರಿಗೆ ಇದು ಎಲ್ಲೋ ಕಂಡ ವ್ಯವಹಾರ ಅನ್ನಿಸಿತು. ಮೂರು ಮಾತ್ರೆಯ ಗಣ ಎಂದರೆ ಯಾವ ಪದ ಎಂದು ಯಾರೂ ಹೇಳುವುದಿಲ್ಲ. ಮೂರು ಲಘುವಾದರೂ ಸರಿ, ಲಘುವಿನ ಮೇಲೊಂದು ಗುರುವಾದರೂ ಸರಿ, ಗುರು ಮೊದಲು ಬಂದು ಲಘು ಆಮೇಲೆ ಬಂದರೂ ಸರಿ. ಲೆಕ್ಕ ಮೂರಾಗಬೇಕು. ಅಕ್ಷರವನ್ನು ನೋಡಬೇಡಿ, ಅದರ ತೂಕ ನೋಡಿ ಎಂದು ಅವರು ಎಷ್ಟು ಹುಡುಗರಿಗೆ ಎಷ್ಟು ಸಲ ಹೇಳಿದ್ದರು! ಕಾರ್ಡಿನಲ್ಲಿ ಒಂದು ಸಾಲು ಅಕ್ಕಪಕ್ಕದ ನಾಲ್ಕು ಅಂಕಿಗಳದು. ಮೊದಲನೆಯದು ಮೂರು ಸಲ, ಎರಡನೆಯದು ನಾಲ್ಕು ಸಲ, ಮೂರನೆಯದು ಮತ್ತೆ ಮೂರು, ನಾಲ್ಕನೆಯದು ಮತ್ತೆ ನಾಲ್ಕು. ಟೀಚರ್ ಬೆರಳಿಟ್ಟು ಎಣಿಸಿದರು. ಮೂರು ನಾಲ್ಕು ಮೂರು ನಾಲ್ಕು, ಒಟ್ಟು 14. ಭಾಮಿನಿ ಷಟ್ಪದಿಯ ಮೊದಲ ಸಾಲು!

ಕಾಕತಾಳೀಯವೇ ಇದು, ಬೇರೇನೂ ಅಲ್ಲ. ಆದರೂ ಕುಮಾರವ್ಯಾಸ ಭಾರತದ ಹತ್ತು ಪರ್ವಗಳನ್ನು ತುಂಬಿಟ್ಟ ಅಳತೆಯ ಪಾತ್ರೆ ನ್ಯೂಜೆರ್ಸಿಯಲ್ಲಿ ಆಟದ ಕಾರ್ಡಿನ ಮೇಲೆ ಸಿಕ್ಕರೆ ಒಬ್ಬ ಕನ್ನಡ ಟೀಚರ್ ಏನು ಮಾಡಬೇಕು? ಮಗಳನ್ನು ಕರೆದು ತೋರಿಸಿದರು. ಲ್ಯಾಪ್‌ಟಾಪಿನಿಂದ ತಲೆಯೆತ್ತಿ ಮಗಳು, 'ಅಮ್ಮ, ನಿನಗೆ ಎಲ್ಲಿ ಹೋದರೂ ಅದೇ' ಎಂದಳು. ಆದರೆ ಆ ರಾತ್ರಿಯಿಂದ ಕಾರ್ಡು ಬಾಗಿಲು ತೆರೆಯಿತು. ಅಲ್ಲಿಯತನಕ ಅವರು ಅಂಕಿಗಳನ್ನು ಓದುತ್ತಿದ್ದರು, ಈಗ ಗಣ ಬಿಡಿಸತೊಡಗಿದರು. 2-4-4-4, 4-4-4-2, 2-3-4-3-2. ಕಾಯಿ ಹಂಚಿದ ಕೂಡಲೇ ಮೊದಲು ನೋಡಬೇಕಾದದ್ದು ಯಾವ ಅಂಕಿ ಬಂದಿದೆ ಎಂದಲ್ಲ, ಯಾವುದು ಎರಡಾಗಿ ಬಂದಿದೆ ಎಂದು. ಜೋಡಿಗಳು ಸರಿಸಂಖ್ಯೆಯಲ್ಲಿವೆಯೇ, ಬೆಸದಲ್ಲಿವೆಯೇ, ಅಕ್ಕಪಕ್ಕದಲ್ಲಿವೆಯೇ ಎಂದು ಕಂಡರೆ ಕಾರ್ಡಿನ ಮುಕ್ಕಾಲು ಭಾಗವನ್ನು ಮರೆಯಬಹುದು. ಉಳಿದ ಐದಾರು ಸಾಲುಗಳಲ್ಲಿ ಎರಡನ್ನು ಮನಸ್ಸಿನಲ್ಲಿಟ್ಟುಕೊಂಡು, ಎರಡಕ್ಕೂ ಬೇಡದ್ದನ್ನು ಚಾರ್ಲ್ಸ್‌ಟನ್‌ನಲ್ಲಿ ದಾಟಿಸಬೇಕು: ಮೂರು ಬಲಕ್ಕೆ, ಮೂರು ಎದುರಿಗೆ, ಮೂರು ಎಡಕ್ಕೆ. ಎಲ್ಲರೂ ಒಪ್ಪಿದರೆ ಇನ್ನೊಂದು ಸುತ್ತು. ಜೋಕರನ್ನು ಮಾತ್ರ ದಾಟಿಸುವ ಹಾಗಿಲ್ಲ.

ಚೀನಾದ ಆಟ ಅಮೆರಿಕದಲ್ಲಿ ಈ ಕಾರ್ಡಿನ ಕೈಗೆ ಸಿಕ್ಕಿದ್ದರ ಹಿಂದೆ ಒಂದು ಕಥೆಯಿದೆ. ಸ್ಟ್ಯಾಂಡರ್ಡ್ ಆಯಿಲ್ ಕಂಪನಿಯ ಕೆಲಸಕ್ಕೆಂದು ಚೀನಾದಲ್ಲಿದ್ದ ಜೋಸೆಫ್ ಬ್ಯಾಬ್‌ಕಾಕ್ ಎಂಬಾತ 1920ರಲ್ಲಿ ಇಂಗ್ಲಿಷಿನಲ್ಲಿ ಇದರ ನಿಯಮಗಳ ಪುಟ್ಟ ಪುಸ್ತಕ ಹೊರತಂದ. ಎರಡು ಮೂರು ವರ್ಷಗಳಲ್ಲಿ ಅಮೆರಿಕಕ್ಕೆ ಮಾಜಾಂಗ್ ಹುಚ್ಚು ಹಿಡಿಯಿತು. ಹುಚ್ಚು ಬಂದಷ್ಟೇ ಬೇಗ ಇಳಿಯಿತು. ಆದರೆ ಆಡುವುದನ್ನು ಬಿಡದವರಲ್ಲಿ ಒಬ್ಬೊಬ್ಬರದು ಒಂದೊಂದು ನಿಯಮವಾಗಿ ಗೊಂದಲವೋ ಗೊಂದಲ. 1937ರಲ್ಲಿ ನ್ಯೂಯಾರ್ಕಿನ ಒಂದಷ್ಟು ಹೆಂಗಸರು, ಹೆಚ್ಚಿನವರು ಯಹೂದಿಗಳು, ನ್ಯಾಷನಲ್ ಮಾಜಾಂಗ್ ಲೀಗ್ ಕಟ್ಟಿ, ಮಾನ್ಯವಾದ ಕೈಗಳು ಇವಿಷ್ಟೇ ಎಂದು ಅಚ್ಚು ಹಾಕಿಸಿದರು. ಅಂದಿನಿಂದ ವರ್ಷಕ್ಕೊಂದು ಕಾರ್ಡು, ಅದರ ಹಣದಲ್ಲಿ ಒಂದು ಪಾಲು ದಾನಧರ್ಮಕ್ಕೆ. ವರ್ಷವರ್ಷ ಬದಲಿಸುವುದು ವ್ಯಾಪಾರದ ಜಾಣತನವೂ ಹೌದು, ಆಟವನ್ನು ಕೊಳೆಯಲು ಬಿಡದ ಉಪಾಯವೂ ಹೌದು. ಯಾವುದು ಎಷ್ಟು ಎಂದು ಜಗಳವಾಡುವುದರಲ್ಲಿ ಅರ್ಥವಿಲ್ಲ.

ಮೇಜಿನ ಹಿರಿಯರಿಗೆ 86. ಹುಟ್ಟಿ ಬೆಳೆದದ್ದು ಬ್ರೂಕ್ಲಿನ್‌ನಲ್ಲಿ. ಬೇಸಿಗೆ ಬಂದರೆ ತಾಯಿ ಮಕ್ಕಳೆಲ್ಲ ಕ್ಯಾಟ್‌ಸ್ಕಿಲ್ಸ್ ಬೆಟ್ಟದ ಬಾಡಿಗೆ ಬಂಗಲೆಗಳಿಗೆ ಹೋಗುತ್ತಿದ್ದರಂತೆ. ಗಂಡಸರು ಊರಲ್ಲಿ ದುಡಿದು ಶನಿವಾರ ಭಾನುವಾರಕ್ಕೆ ಬರುವವರು. ವಾರವಿಡೀ ಮರದ ನೆರಳಿನಲ್ಲಿ ಮೇಜು ಹಾಕಿ ಹೆಂಗಸರದೇ ರಾಜ್ಯ. ಕಾಯಿಗಳ ಸದ್ದು ನಿಂತರೆ ಅಮ್ಮ ಬೈಯಲು ಬರುತ್ತಾಳೆ ಎಂದು ಮಕ್ಕಳಿಗೆ ಗೊತ್ತಾಗುತ್ತಿತ್ತು ಎಂದು ಅವರು ಹೇಳುತ್ತಿದ್ದರು. ಅವರನ್ನು ಅಲ್ಲಿ ಎಲ್ಲರೂ ಹೆಸರು ಹಿಡಿದು ಕರೆಯುತ್ತಿದ್ದರು. ಟೀಚರಿಗೆ ಅದು ಬಾಯಿಗೆ ಬರಲಿಲ್ಲ. ತಾಯಿಯ ವಯಸ್ಸಿನವರನ್ನು ಹೆಸರೆತ್ತಿ ಕರೆಯುವುದು ಹೇಗೆ? ಆರು ತಿಂಗಳೂ ಅವರು ಕರೆಯದೆಯೇ ಸುಧಾರಿಸಿದರು. ಕಣ್ಣು ಕೂಡಿದ ಮೇಲೆ ಮಾತು ಶುರುಮಾಡುವುದು.

ಮೂರನೆಯವರು ಗ್ವಾಂಗ್‌ಜೌ ಕಡೆಯವರು, ಹುಟ್ಟಿದಾಗಿನಿಂದ ಮಾಜಾಂಗ್ ಕಂಡವರು. ಕಾಯಿಯ ಮೂಲೆಯಲ್ಲಿ ಅಚ್ಚಾದ ಇಂಗ್ಲಿಷ್ ಅಂಕಿ ಅವರಿಗೆ ಬೇಕಿಲ್ಲ, ಬೆರಳ ತುದಿಯಿಂದ ಸವರಿಯೇ ಯಾವ ಕಾಯಿ ಎಂದು ಹೇಳುತ್ತಿದ್ದರು. ಆದರೂ ಅಮೆರಿಕದ ಕಾರ್ಡಿನ ಮುಂದೆ ಅವರದೂ ಟೀಚರದ್ದೇ ಪಾಡು. ಅವರ ಊರಿನಲ್ಲಿ ನಾಲ್ಕು ಗುಂಪು, ಒಂದು ಜೋಡಿ ಆದರೆ ಮುಗಿಯಿತು. ಮೂರು ನಾಲ್ಕು ಐದು ಕೂಡ ಗುಂಪೇ. ಕಾರ್ಡು ಇಲ್ಲ, ಜೋಕರ್ ಇಲ್ಲ. ಒಮ್ಮೆ ಅವರ ಕೈಯಲ್ಲಿ ಆ ಲೆಕ್ಕದ ಪ್ರಕಾರ ಎಂದೋ ಮುಗಿದುಹೋದ ಆಟವಿತ್ತು. ಅದನ್ನು ಟೀಚರ್ ಕಡೆಗೆ ಒಂದಿಷ್ಟು ವಾಲಿಸಿ ತೋರಿಸಿ, ಒಂದೊಂದೇ ಕಾಯಿಯಾಗಿ ಒಡೆದು ಬಿಟ್ಟರು. ಬಹಳ ದಿನ ಇಟ್ಟುಕೊಂಡ ರೇಷ್ಮೆ ಸೀರೆಯನ್ನು ಕತ್ತರಿಸಿದಂತೆ. ನಾಲ್ಕನೆಯ ಹೆಂಗಸು ನಿವೃತ್ತ ನರ್ಸ್, ಮಾತು ಕಡಿಮೆ, ಗೆಲ್ಲುವುದು ಹೆಚ್ಚು.

ಜನವರಿ ಮುಗಿಯುವಷ್ಟರಲ್ಲಿ ಟೀಚರಿಗೆ ತಮ್ಮ ಕೈ ಮಾತ್ರವಲ್ಲ, ಬೇರೆಯವರದೂ ಕಾಣತೊಡಗಿತ್ತು. ಬಿಟ್ಟ ಕಾಯಿಯನ್ನು ಎತ್ತಿಕೊಂಡವರು ಆ ಗುಂಪನ್ನು ರ‍್ಯಾಕಿನ ಮೇಲೆ ಎಲ್ಲರಿಗೂ ಕಾಣುವಂತೆ ತೆರೆದಿಡಬೇಕು. ಒಂದು ಗುಂಪು ತೆರೆದರೆ ಹತ್ತು ಹದಿನೈದು ಸಾಲು ಉಳಿಯುತ್ತವೆ, ಎರಡನೆಯದು ತೆರೆದರೆ ಎರಡು ಮೂರು. ಸೊರಬದ ಕಡೆಯ ಹುಡುಗ ಬಾಯಿ ಬಿಟ್ಟರೆ ಸೊರಬ, ಬೈಂದೂರಿನ ಹುಡುಗ ಬಾಯಿ ಬಿಟ್ಟರೆ ಬೈಂದೂರು ಎಂದು ಟೀಚರಿಗೆ ಎರಡನೆಯ ವಾಕ್ಯದಲ್ಲೇ ತಿಳಿಯುತ್ತಿತ್ತಲ್ಲ, ಇದೂ ಹೆಚ್ಚುಕಡಿಮೆ ಹಾಗೆಯೇ. ಆದರೆ ಮಾನ್ಯವಾದ ಕೈಯನ್ನು ಗುರುತಿಸಲು ಕಲಿತವರ ಕಣ್ಣಿಗೆ ಅಮಾನ್ಯವಾದದ್ದೂ ಬೀಳುತ್ತದೆ. ಬೇಡವೆಂದರೂ ಬೀಳುತ್ತದೆ.

ಫೆಬ್ರವರಿಯ ಒಂದು ಬುಧವಾರ ಹಿರಿಯರು ಎರಡರ ಕಾಂಗ್ ತೆರೆದರು. ಆಮೇಲೆ ಬೇರೆ ಸೂಟಿನ ಎಂಟರ ಕಾಂಗ್. ಸರಿಸಂಖ್ಯೆಯ ಆಟ ಎಂದುಕೊಂಡರು ಟೀಚರ್. ಮೂರನೆಯದಾಗಿ ಅವರು ಪೂರ್ವ ದಿಕ್ಕಿನ ಗಾಳಿಯ ಪಂಗ್ ಇಟ್ಟರು. ಟೀಚರ್ ಕಾರ್ಡಿನ ಮೇಲೆ ಕಣ್ಣಾಡಿಸಿದರು. ಮತ್ತೊಮ್ಮೆ ಮೇಲಿನಿಂದ ಕೆಳಗೆ ಬಂದರು. ಆ ಮೂರು ಒಟ್ಟಿಗಿರುವ ಸಾಲು ಆ ವರ್ಷದ ಕಾರ್ಡಿನಲ್ಲಿ ಎಲ್ಲೂ ಇರಲಿಲ್ಲ.

ನಿಯಮ ಸ್ಪಷ್ಟ. ಇಂಥ ಕೈಯನ್ನು ಕಂಡವರು 'ಡೆಡ್' ಎನ್ನಬಹುದು. ಅಂದದ್ದು ನಿಜವಾದರೆ ಆ ಆಟಗಾರರು ಆಟ ಮುಗಿಯುವವರೆಗೆ ಕಾಯಿ ಎತ್ತುವಂತಿಲ್ಲ, ಬಿಡುವಂತಿಲ್ಲ. ಸುಳ್ಳಾದರೆ ಅಂದವರ ಕೈಯೇ ಸಾಯುತ್ತದೆ. ನಮ್ಮ ಚೌಕಾಬಾರದಲ್ಲೂ ಕಾಯಿ ಸಾಯುತ್ತದೆ, ಯಾರೂ ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ, ಮನೆಗೆ ಹೋಗಿ ಮತ್ತೆ ಹುಟ್ಟಿಬರುತ್ತದೆ. ಆದರೆ 86 ವರ್ಷದವರ ಮುಖ ನೋಡಿ ಆ ಪದ ಆಡುವುದು ಬೇರೆ ಮಾತು. ಅದರ ಹಿಂದಿನ ವಾರ ಅವರು ಕೋಟು ಹಾಕಿಕೊಂಡು ಬಾಗಿಲವರೆಗೆ ಹೋಗಿ, ಕೋಟು ಎಲ್ಲಿ ಎಂದು ಕೇಳುತ್ತ ಹಿಂದಿರುಗಿದ್ದರು. ಎಲ್ಲರೂ ನಕ್ಕಿದ್ದರು, ಅವರೂ ನಕ್ಕಿದ್ದರು. ಟೀಚರ್ ಮಾತ್ರ ತಮ್ಮ ಯಜಮಾನರ ಕೊನೆಯ ಎರಡು ವರ್ಷಗಳನ್ನು ಕಂಡವರು. ಅಂಥ ನಗೆ ಎಲ್ಲಿಂದ ಶುರುವಾಗುತ್ತದೆ ಎಂದು ಅವರಿಗೆ ಗೊತ್ತಿತ್ತು.

ಎರಡು ಸುತ್ತು ಬಿಟ್ಟರು. ಮೂರನೆಯ ಸುತ್ತಿಗೆ ಮೆಲ್ಲಗೆ, 'ಕಾರ್ಡನ್ನು ಇನ್ನೊಂದು ಸಲ ನೋಡುತ್ತೀರಾ?' ಎಂದರು.

ಹಿರಿಯರು ತಲೆಯೆತ್ತಿದರು. ಸಿಟ್ಟು ಬಂದದ್ದು ಕಾಣುತ್ತಿತ್ತು. 'ಹೇಳುವುದಿದ್ದರೆ ಹೇಳು. ಕನಿಕರ ಬೇಡ. ನನ್ನ ತಾಯಿಯ ಕೈಯನ್ನೇ ನಾನು ಡೆಡ್ ಎಂದಿದ್ದೇನೆ.'

'ಡೆಡ್' ಎಂದರು ಟೀಚರ್.

ಹಿರಿಯರು ಕಾರ್ಡು ತೆಗೆದು ಬೆರಳಿಟ್ಟು ಸಾಲು ಸಾಲಾಗಿ ಬಂದರು. ಬಹಳ ಹೊತ್ತು ಹಿಡಿಯಿತು. ಯಾರೂ ಅವಸರಪಡಿಸಲಿಲ್ಲ. ಕೊನೆಗೆ ಕಾರ್ಡು ಮಡಚಿ, ಕೈಯೆರಡನ್ನೂ ಮಡಿಲಲ್ಲಿಟ್ಟುಕೊಂಡು, ಮೂವರ ಆಟವನ್ನು ನೋಡುತ್ತ ಕೂತರು. ಆಟ ಮುಗಿದು ಕಾಯಿ ಕಲಸುವಾಗ, 'ಅದು ಇದ್ದ ಸಾಲು. ಯಾವುದೋ ವರ್ಷ ಇತ್ತು' ಎಂದರು. ನರ್ಸ್ ಹೌದೆಂದು ತಲೆಯಾಡಿಸಿದರು. ಅದು ಹೌದೆನ್ನುವ ತಲೆಯಾಟವಾಗಿರಲಿಲ್ಲ.

ಮುಂದಿನ ವಾರ ಅವರು ಬಂದದ್ದು ಬಿಸ್ಕತ್ತಿನ ತಗಡಿನ ಡಬ್ಬಿಯೊಂದಿಗೆ. ಅದರ ತುಂಬ ಹಳೆಯ ಕಾರ್ಡುಗಳು. ತಾಯಿಯದು, ತಮ್ಮದು, ಕೆಲವದರ ಅಂಚಿನಲ್ಲಿ ಪೆನ್ಸಿಲ್ಲಿನ ಗುರುತು, ಒಂದರ ಮೇಲೆ ಕಾಫಿಯ ಕಲೆ. ಆ ದಿನ ಆಟ ಆಗಲಿಲ್ಲ. ನಾಲ್ವರೂ ಸೇರಿ ಹುಡುಕಿದರು. ಸಿಕ್ಕಿದ್ದು ಟೀಚರಿಗೆ. ಒಂದು ವರ್ಷದ ಕಾರ್ಡಿನಲ್ಲಿ ಎರಡು ಮತ್ತು ಎಂಟು ಒಟ್ಟಿಗಿದ್ದವು. ಬೇರೊಂದು ವರ್ಷದ ಕಾರ್ಡಿನಲ್ಲಿ ಸರಿಸಂಖ್ಯೆಯ ಪಕ್ಕ ಪೂರ್ವದ ಗಾಳಿ ಇತ್ತು. ಎರಡು ಸಾಲುಗಳ ಅರ್ಧರ್ಧ ನೆನಪಿನಲ್ಲಿ ಕೂಡಿಕೊಂಡು ಒಂದಾಗಿತ್ತು. ಟೀಚರ್ ಎರಡೂ ಕಾರ್ಡುಗಳನ್ನು ಅಕ್ಕಪಕ್ಕ ಇಟ್ಟು ತೋರಿಸಿದರು. ಹಿರಿಯರು ಒಂದನ್ನು ನೋಡಿದರು, ಇನ್ನೊಂದನ್ನು ನೋಡಿದರು. 'ಹಾಗಾದರೆ ಪೂರ್ತಿ ಸುಳ್ಳಲ್ಲ' ಎಂದರು. ಅಲ್ಲ ಎಂದರು ಟೀಚರ್. ಆದರೂ ಡೆಡ್ಡೇ ಎಂದರು ಹಿರಿಯರು. ಹೌದು ಎಂದರು ಟೀಚರ್. ಈ ಸಲ ನಗು ಬಂದದ್ದು ಹಿರಿಯರಿಗೇ ಮೊದಲು.

ಅಂದಿನಿಂದ ಮೇಜಿನ ಮೇಲೆ ಒಂದು ಪದ್ಧತಿ ತಾನಾಗಿ ಬಿದ್ದಿತು. ಹಿರಿಯರು ದೊಡ್ಡಕ್ಷರದ ಕಾರ್ಡು ತಂದರು. ಎರಡನೆಯ ಗುಂಪು ತೆರೆಯುವ ಮೊದಲು ಒಮ್ಮೆ ತಡೆದು ಸಾಲಿನ ಮೇಲೆ ಬೆರಳಿಡುತ್ತಿದ್ದರು. ಎಲ್ಲರೂ ಕಾಯುತ್ತಿದ್ದರು. ಮಾರ್ಚಿನಲ್ಲಿ ಇನ್ನೆರಡು ಸಲ ಅವರ ಕೈ ಸತ್ತಿತು. ಒಂದನ್ನು ಗ್ವಾಂಗ್‌ಜೌನವರು ಕರೆದರು, ಇನ್ನೊಂದನ್ನು ಟೀಚರ್. ಬಿಡುವ ಮನಸ್ಸಾಗಲಿಲ್ಲವೆಂದಲ್ಲ. ಬಿಟ್ಟರೆ ಅವರನ್ನು ಆಟದಿಂದಲೇ ಹೊರಗಿಟ್ಟಂತೆ ಎಂದು ಮೇಜಿನ ಸುತ್ತ ಯಾರೂ ಬಾಯಿಬಿಟ್ಟು ಹೇಳದೆಯೇ ಎಲ್ಲರಿಗೂ ತಿಳಿದಿತ್ತು.

ಏಪ್ರಿಲ್ ಮೊದಲ ವಾರ ಹೊಸ ಕಾರ್ಡು ಬಂತು. ಟೀಚರ ಆರು ತಿಂಗಳೂ ಮುಗಿಯುತ್ತ ಬಂದಿತ್ತು, ಟಿಕೆಟ್ ಕೈಯಲ್ಲಿತ್ತು. ಗ್ರೀನ್ ಕಾರ್ಡಿನ ಮಾತಿಗೆ ಅವರು ಹೌದೂ ಅನ್ನಲಿಲ್ಲ, ಅಲ್ಲವೂ ಅನ್ನಲಿಲ್ಲ. 'ಮೊದಲು ಮನೆಯ ಬೀಗ ತೆಗೆದು ನೋಡ್ತೇನೆ' ಎಂದರು. ಕೊನೆಯ ಬುಧವಾರ ಹೊಸ ಕಾರ್ಡಿನಲ್ಲೇ ಆಡಿದರು. ಒಂದು ಆಟಕ್ಕೆ ಮುಕ್ಕಾಲು ಗಂಟೆ ಬೇಕಾಯಿತು. ಸದಾ ಗೆಲ್ಲುವ ನರ್ಸ್ ಕೂಡ ಬೆರಳಿಟ್ಟು ಓದುತ್ತಿದ್ದರು. ನಾಲ್ವರೂ ಒಂದನೇ ಕ್ಲಾಸು. ಆ ದಿನ ಹಿರಿಯರದು ಯಾರಿಗಿಂತಲೂ ನಿಧಾನವಾಗಿರಲಿಲ್ಲ. ಟೀಚರ್ ಕಾರ್ಡು ಬಿಚ್ಚಿದ ಕೂಡಲೇ ಹುಡುಕಿದ್ದು ಒಂದೇ ಸಾಲು. ಮೂರು ನಾಲ್ಕು ಮೂರು ನಾಲ್ಕು ಇತ್ತು. ಷಟ್ಪದಿಯ ಅಳತೆ ಇಷ್ಟು ಶತಮಾನಗಳಲ್ಲಿ ಬದಲಾಗಿಲ್ಲ, ಇಲ್ಲಿ ಮಾತ್ರ ಪ್ರತಿ ವರ್ಷ ಇದೆಯೋ ಇಲ್ಲವೋ ಎಂದು ನೋಡಿಕೊಳ್ಳಬೇಕು.

ಡೊಂಬಿವಿಲಿಗೆ ಬಂದು ತಿಂಗಳಾಗಿತ್ತು. ಒಂದು ರಾತ್ರಿ ಹನ್ನೆರಡೂವರೆಗೆ ಫೋನ್ ಗುಂಯ್ ಎಂದಿತು. ಅಲ್ಲಿ ಮಧ್ಯಾಹ್ನ ಮೂರು. ಹಿರಿಯರ ವಾಟ್ಸಾಪಿನಿಂದ ಒಂದು ಫೋಟೊ, ರ‍್ಯಾಕಿನ ಮೇಲೆ 14 ಕಾಯಿ, ಸ್ವಲ್ಪ ಮಸುಕು. ಕೆಳಗೆ ಒಂದೇ ಮಾತು: ಇದು ಆಗುತ್ತದೆಯೇ?

ಟೀಚರ್ ದೀಪ ಹಾಕಿ ಕನ್ನಡಕ ಹುಡುಕಿದರು. ಪಾಸ್‌ಪೋರ್ಟಿನ ಚೀಲದಿಂದ ಕಾರ್ಡು ತೆಗೆದರು. ಗಣ ಬಿಡಿಸಿದರು: 2-4-4-4. ಸೂಟುಗಳನ್ನು ನೋಡಿದರು, ಹೂವು ನೋಡಿದರು. ಫೋಟೊವನ್ನು ಎರಡು ಬೆರಳಿನಿಂದ ಹಿಗ್ಗಿಸಿದಾಗ ಎಡತುದಿಯ ಜೋಡಿಯಲ್ಲಿ ಒಂದು ಹೂವಲ್ಲ, ಜೋಕರ್ ಎಂದು ಕಂಡಿತು.

'ಸಾಲು ಸರಿ ಇದೆ' ಎಂದು ಬರೆದರು. 'ಜೋಡಿಯಲ್ಲಿ ಜೋಕರ್ ನಡೆಯುವುದಿಲ್ಲ. ಇನ್ನೊಂದು ಹೂವು ಬರಲಿ, ಕಾಯಿರಿ.'